ಬಣ್ಣ ಬಾರದ ಸ್ಲೈಡು: ಒಂದು ‘ನೆಗೆಟಿವ್’ ವರದಿಯ ಬೆನ್ನು ಹತ್ತಿ

ಸ್ಲೈಡಿನ ಒಂದು ತುದಿಯಲ್ಲಿ ಗರ್ಭಕಂಠದ ಪುಟ್ಟ ತುಣುಕು. ಅದು ಕಂಟ್ರೋಲ್, ಅಂದರೆ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಇಟ್ಟ ತುಣುಕು; ಅದರ ಕೋಶಕೇಂದ್ರಗಳೆಲ್ಲ ಕಡುಕಂದು. ಇನ್ನೊಂದು ತುದಿಯಲ್ಲಿ ರೋಗಿಯ ಸ್ತನದ ಗಡ್ಡೆ. ಅಲ್ಲಿ ಬರೀ ನೀಲಿ, ಒಂದು ಕೋಶಕ್ಕೂ ಕಂದು ಹತ್ತಿಲ್ಲ. ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನು ಈಸ್ಟ್ರೋಜನ್ ರಿಸೆಪ್ಟರ್, ನಮ್ಮ ಬಾಯಲ್ಲಿ ಇಆರ್, ನೆಗೆಟಿವ್. ಪಕ್ಕದ ಸ್ಲೈಡಿನ ಪ್ರೊಜೆಸ್ಟರಾನ್ ರಿಸೆಪ್ಟರ್ ಕೂಡ ಹಾಗೇ. ಮೂರನೆಯದು ಹರ್2 ಎಂಬ ಇನ್ನೊಂದು ಪ್ರೋಟೀನು, ಅದೂ ಸೊನ್ನೆ. ಮೂರೂ ಇಲ್ಲದ ಕ್ಯಾನ್ಸರಿಗೆ ‘ಟ್ರಿಪಲ್ ನೆಗೆಟಿವ್’ ಎನ್ನುತ್ತಾರೆ. ಹಾರ್ಮೋನ್ ತಡೆಯುವ ಮಾತ್ರೆ ಅದಕ್ಕೆ ನಾಟುವುದಿಲ್ಲ. ಕೀಮೋಥೆರಪಿಯೇ ಮುಖ್ಯ ದಾರಿ.

ಅವತ್ತು ಸಂಜೆ ಆಂಕಾಲಜಿಯಿಂದ, ಅಂದರೆ ಕ್ಯಾನ್ಸರ್ ಚಿಕಿತ್ಸಾ ವಿಭಾಗದಿಂದ, ಫೋನ್ ಬಂದಾಗ ನಾನು ಹೇಳಿಬಿಟ್ಟೆ: “ವರದಿ ನಾಳೆ ಸಹಿ ಆಗುತ್ತೆ ಸರ್. ಟ್ರಿಪಲ್ ನೆಗೆಟಿವ್ ಅಂತ ಇಟ್ಕೊಳ್ಳಿ.”

ಸಹಿ ಹಾಕದ ವರದಿಯನ್ನು ಫೋನಿನಲ್ಲಿ ಹೇಳಬಾರದು ಎಂದು ಪೆಥಾಲಜಿ ವಿದ್ಯಾರ್ಥಿಗಳಿಗೆ ವರ್ಷವಿಡೀ ಪಾಠ ಮಾಡುವವಳು ನಾನೇ. ಇರಲಿ, ಅದರ ಫಲ ಮುಂದೆ ಬರುತ್ತದೆ.

ರೋಗಿಗೆ 50 ದಾಟಿತ್ತು, ಮುಟ್ಟು ನಿಂತಿತ್ತು. (ಗುರುತು ಹತ್ತದಿರಲೆಂದು ಚಿಕ್ಕಪುಟ್ಟ ವಿವರಗಳನ್ನು ಬದಲಿಸಿದ್ದೇನೆ.) ಎಡ ಸ್ತನದಲ್ಲಿ ಅಂಚು ಸಿಗದಂಥ ಗಟ್ಟಿತನ. ಬೇರೊಂದು ಕಡೆ ಸೂಜಿ ಬಯಾಪ್ಸಿ ಮಾಡಿಸಿಕೊಂಡು ಬಂದಿದ್ದರು. ‘ಇನ್‌ವೇಸಿವ್ ಲೋಬ್ಯುಲರ್ ಕಾರ್ಸಿನೋಮ’ ಎಂಬ ವರದಿ ಕೈಯಲ್ಲಿತ್ತು. ರಿಸೆಪ್ಟರ್ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಯ ನಂತರ ದೊಡ್ಡ ಅಂಗಾಂಶದ ಮೇಲೆ ಮಾಡಿಸಿ ಎಂದು ಅದರ ಕೊನೆಯಲ್ಲಿ ಒಂದು ಸಾಲು. ವರದಿ ಮಾತ್ರ ಬಂದಿತ್ತು, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಬಂದಿರಲಿಲ್ಲ. ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಸ್ತನ ಒಂದು ಡಬ್ಬದಲ್ಲಿ, ಕಂಕುಳ ದುಗ್ಧಗ್ರಂಥಿಗಳು ಇನ್ನೊಂದು ಸಣ್ಣ ಡಬ್ಬದಲ್ಲಿ ನಮ್ಮಲ್ಲಿಗೆ ಬಂದವು. ಎರಡು ಗ್ರಂಥಿಗಳಿಗೆ ಕ್ಯಾನ್ಸರ್ ಹರಡಿತ್ತು.

ಎರಡು ತಲೆಯ ಮೈಕ್ರೋಸ್ಕೋಪು

ಮರುದಿನ ಬೆಳಿಗ್ಗೆ ಸಹಿ ಹಾಕುವ ಮುಂಚೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಎದುರು ಕೂತು ನನ್ನ ಜೊತೆ ಸ್ಲೈಡ್ ನೋಡುತ್ತಿದ್ದಳು.

“ಮೇಡಂ, ಲೋಬ್ಯುಲರ್‌ನಲ್ಲಿ ಇಆರ್ ಹೆಚ್ಚುಕಮ್ಮಿ ಯಾವಾಗ್ಲೂ ಪಾಸಿಟಿವ್ ಅಂತ ನೀವೇ ಹೇಳಿದ್ರಿ.”

“ಹೆಚ್ಚುಕಮ್ಮಿ ಅಂದೆ. ಯಾವಾಗ್ಲೂ ಅನ್ಲಿಲ್ಲ.”

“ಹಾಗಲ್ಲ ಮೇಡಂ. ಈ ಮೂಲೇಲಿ ನಾರ್ಮಲ್ ಡಕ್ಟ್ ಇದೆ ನೋಡಿ. ಅದಕ್ಕೂ ಬಣ್ಣ ಬಂದಿಲ್ಲ.”

ನೋಡಿದೆ. ಗಡ್ಡೆಯ ನಡುವೆ ಸಿಕ್ಕಿಕೊಂಡಿದ್ದ ಒಂದು ಸಾಮಾನ್ಯ ಹಾಲಿನ ನಾಳ, ಅದರ ಪಕ್ಕ ಮುದುಡಿದ ಒಂದು ಲೋಬ್ಯೂಲ್. ಆರೋಗ್ಯವಾಗಿರುವ ಸ್ತನದ ನಾಳದಲ್ಲಿ ಒಳಪದರದ ಕೋಶಗಳು ಅಲ್ಲೊಂದು ಇಲ್ಲೊಂದು ಇಆರ್‌ಗೆ ಕಂದಾಗಬೇಕು. ಎಲ್ಲವೂ ಆಗುವುದಿಲ್ಲ, ಹೊರಪದರದ ಮಯೋಎಪಿಥೀಲಿಯಲ್ ಕೋಶಗಳಂತೂ ಆಗುವುದೇ ಇಲ್ಲ. ಆದರೆ ಒಂದಷ್ಟು ಆಗಲೇಬೇಕು. ಇಲ್ಲಿ ಒಂದೂ ಇಲ್ಲ. ನಿನ್ನೆ ನಾನು ನೇರ ಗಡ್ಡೆಗೆ ಹೋಗಿದ್ದೆ. ಗಡ್ಡೆ ನೀಲಿ, ಕಂಟ್ರೋಲ್ ಕಂದು, ಮುಗಿಯಿತು. ನಡುವೆ ಇದ್ದ ನಾಳವನ್ನು ಕಣ್ಣು ದಾಟಿಕೊಂಡು ಹೋಗಿತ್ತು.

ಲೋಬ್ಯುಲರ್ ಕ್ಯಾನ್ಸರಿನ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕೋಶ ಕೋಶಗಳನ್ನು ಬೆಸೆಯುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಅವು ಕಳೆದುಕೊಂಡಿರುತ್ತವೆ. ಹಾಗಾಗಿ ಗುಂಪುಗೂಡದೆ, ನಾರಿನ ನಡುವೆ ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ನುಸುಳಿಕೊಂಡು ಹೋಗುತ್ತವೆ. ಕೈಗೆ ಸರಿಯಾಗಿ ಗಡ್ಡೆ ಸಿಗದಿರುವುದೂ ಅದಕ್ಕೇ. ಇಂಥ ಮಾಮೂಲಿ ಸ್ವರೂಪದ ಲೋಬ್ಯುಲರ್ ಕ್ಯಾನ್ಸರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಇಆರ್ ಪಾಸಿಟಿವ್. ನಮ್ಮ ಸ್ಲೈಡಿನಲ್ಲಿದ್ದದ್ದು ಪಾಠಕ್ಕೆ ತೋರಿಸುವಂಥ ಇರುವೆ ಸಾಲು. ಟ್ರಿಪಲ್ ನೆಗೆಟಿವ್ ಲೋಬ್ಯುಲರ್ ಇಲ್ಲವೇ ಇಲ್ಲ ಎಂದಲ್ಲ. ಅಪರೂಪದ್ದು ಎದುರಾದಾಗ ಮೊದಲು ಅನುಮಾನಿಸಬೇಕಾದ್ದು ಸ್ಲೈಡನ್ನು. ನಾನು ಅದನ್ನು ನಂಬಿ ಕೂತಿದ್ದೆ.

ಸಹಿ ಹಾಕಲಿಲ್ಲ. ಫೋನ್ ತೆಗೆದುಕೊಂಡೆ. ಆಚೆ ಕಡೆಯ ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, “ಕೀಮೋ ಬಗ್ಗೆ ಅವರ ಹತ್ರ ಮಾತಾಡಿ ಆಯ್ತು ಮೇಡಂ. ಎಷ್ಟು ದಿನ ಬೇಕು ನಿಮಗೆ?” ಎಂದರು. ಒಂದು ವಾರ ಕೇಳಿದೆ.

ಕಂದು ಬಣ್ಣ ಬರುವ ಬಗೆ

ಮುಂದಿನದು ಅರ್ಥವಾಗಬೇಕಾದರೆ ಈ ಬಣ್ಣ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ಹೇಳಬೇಕು. ಗೊತ್ತಿದ್ದವರು ದಾಟಿಕೊಂಡು ಹೋಗಬಹುದು.

ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಈ ವಿಧಾನವನ್ನು ಲ್ಯಾಬಿನಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಐಎಚ್‌ಸಿ ಅಷ್ಟೇ. ಪ್ರತಿಕಾಯ (ಆಂಟಿಬಾಡಿ) ತನಗೆ ಹೊಂದುವ ಪ್ರತಿಜನಕವನ್ನು (ಆಂಟಿಜೆನ್) ಮಾತ್ರ ಹುಡುಕಿ ಹಿಡಿಯುತ್ತದೆ ಎಂಬುದೇ ಇದರ ಬಂಡವಾಳ. ಪ್ರತಿಕಾಯ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೊಂದು ಬಾಲ ಕಟ್ಟಬೇಕು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು ನ್ಯುಮೋನಿಯ ತರುವ ಬ್ಯಾಕ್ಟೀರಿಯದ ವಿರುದ್ಧದ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ತೋರಿಸಿದರು. ಅದನ್ನು ನೋಡಲು ಬೇರೆಯೇ ಮೈಕ್ರೋಸ್ಕೋಪು ಬೇಕಿತ್ತು. 1960ರ ದಶಕದಲ್ಲಿ ಪಾಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್ ಹೊಳೆಯುವ ಬಣ್ಣದ ಬದಲು ಕಿಣ್ವವನ್ನು ಕಟ್ಟಿದರು; ಆಮೇಲೆ ಮಾಮೂಲಿ ಮೈಕ್ರೋಸ್ಕೋಪೇ ಸಾಕಾಯಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು. ಇವತ್ತು ಬಾಟಲಿಯಲ್ಲಿ ಬರುವ ಮಾನೋಕ್ಲೋನಲ್ ಪ್ರತಿಕಾಯಗಳೆಲ್ಲ ಆ ಕೆಲಸದ ಸಂತತಿ.

ನಮ್ಮಲ್ಲಿ ಇಆರ್‌ಗೆ ಬಳಸುವುದು ಎಸ್‌ಪಿ1 ಎಂಬ ಕ್ಲೋನ್, ಮೊಲದ ಪ್ರತಿಕಾಯ. ಮೇಣದ ಬ್ಲಾಕಿನಿಂದ 4 ಮೈಕ್ರಾನ್ ತೆಳ್ಳಗೆ ಕೊಯ್ದ ಹಾಳೆಯನ್ನು ಸ್ಲೈಡಿಗೆ ಅಂಟಿಸಿ, ಮೇಣ ಕರಗಿಸಿ, ಬಫರಿನಲ್ಲಿ ಬಿಸಿ ಮಾಡಿ, ಮೊಲದ ಪ್ರತಿಕಾಯ ಹಾಕುತ್ತೇವೆ. ಅದು ಕೋಶಕೇಂದ್ರದ ಇಆರ್‌ಗೆ ಹೋಗಿ ಕೂರುತ್ತದೆ. ತೊಳೆದು, ಮೊಲದ ಪ್ರತಿಕಾಯವನ್ನೇ ಹಿಡಿಯುವ ಎರಡನೆಯ ಪ್ರತಿಕಾಯ ಹಾಕುತ್ತೇವೆ. ಅದರ ಮೈತುಂಬ ಪೆರಾಕ್ಸಿಡೇಸ್ ಕಿಣ್ವ. ಕೊನೆಗೆ ಡಿಎಬಿ ಎಂಬ ದ್ರಾವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಕಿಣ್ವ ಇದ್ದ ಜಾಗದಲ್ಲಿ ಡಿಎಬಿ ಕಂದಾಗಿ ಗಟ್ಟಿಕಟ್ಟಿ ಅಲ್ಲೇ ಕೂರುತ್ತದೆ. ಉಳಿದ ಕೋಶಗಳು ಕಾಣಲೆಂದು ಹೆಮಟಾಕ್ಸಿಲಿನ್‌ನ ನೀಲಿ. ಹಾಗಾಗಿ ಕಂದು ಎಂದರೆ ಇದೆ, ನೀಲಿ ಎಂದರೆ ಇಲ್ಲ. ಹೊಸಬರಿಗೆ ಹಾಗೆಂದೇ ಹೇಳಿಕೊಡುತ್ತೇವೆ. ಈ ಎರಡನೆಯ ಅರ್ಧವೇ ನಮ್ಮನ್ನು ಹಳ್ಳಕ್ಕೆ ಕೆಡವಿದ್ದು.

ಬಿಸಿ ಮಾಡುವುದೇಕೆ ಎಂದರೆ, ಅಂಗಾಂಶ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಪ್ರೋಟೀನುಗಳ ನಡುವೆ ಸಣ್ಣ ಸೇತುವೆಗಳನ್ನು ಕಟ್ಟುತ್ತದೆ. ಪ್ರೋಟೀನು ಉಳಿಯುತ್ತದೆ, ಆದರೆ ಪ್ರತಿಕಾಯ ಹಿಡಿಯಬೇಕಾದ ಮೂಲೆ ಮುಚ್ಚಿಹೋಗುತ್ತದೆ. 1991ರಲ್ಲಿ ಶಿ, ಕೀ ಮತ್ತು ಕಾಲ್ರಾ ಎಂಬ ಮೂವರು, ಸ್ಲೈಡನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಕುದಿಸಿದರೆ ಮುಚ್ಚಿದ್ದು ಮತ್ತೆ ತೆರೆಯುತ್ತದೆ ಎಂದು ತೋರಿಸಿದರು. ‘ಆಂಟಿಜೆನ್ ರಿಟ್ರೀವಲ್’ ಎಂದು ನಾವು ಕರೆಯುವ ಈ ಕುದಿಸುವ ಹಂತ ಬಂದ ಮೇಲೆ, ಅದುವರೆಗೆ ಮೇಣದ ಬ್ಲಾಕಿನಲ್ಲಿ ಬಣ್ಣ ಬಾರದಿದ್ದ ಎಷ್ಟೋ ಪ್ರತಿಕಾಯಗಳು ಕೆಲಸ ಮಾಡತೊಡಗಿದವು.

ಎಲ್ಲಿ ಜಾರಿತು?

ಮೊದಲ ಅನುಮಾನ ಮೆಷಿನ್ ಮೇಲೆ. ದ್ರಾವಣ ಬೀಳುವಾಗ ಸ್ಲೈಡಿನ ಮೇಲೆ ಗಾಳಿಗುಳ್ಳೆ ಕೂತರೆ ಅಷ್ಟು ಜಾಗಕ್ಕೆ ಪ್ರತಿಕಾಯ ತಲುಪುವುದಿಲ್ಲ. ಸ್ಲೈಡ್ ಒಂದು ಕಡೆ ಓರೆಯಾಗಿದ್ದರೂ ಅಷ್ಟೇ. ಕಂಟ್ರೋಲ್ ತುಣುಕು ಒಂದು ತುದಿಯಲ್ಲಿ, ರೋಗಿಯದು ಇನ್ನೊಂದು ತುದಿಯಲ್ಲಿ ಇರುವುದರಿಂದ ಒಂದಕ್ಕೆ ಬಣ್ಣ ಬಂದು ಇನ್ನೊಂದಕ್ಕೆ ಬಾರದೆ ಇರುವುದು ಸಾಧ್ಯ. ನಮ್ಮ ಹಿರಿಯ ಟೆಕ್ನಿಷಿಯನ್ ಅದೇ ಬ್ಲಾಕಿನಿಂದ ಹೊಸದಾಗಿ ಕೊಯ್ದು, ಈ ಸಲ ಮೆಷಿನ್ ಬಿಟ್ಟು ಕೈಯಲ್ಲೇ ಇಆರ್ ಹಾಕಿದರು. ಫಲಿತಾಂಶ ಅದೇ. ಗರ್ಭಕಂಠ ಕಂದು, ಗಡ್ಡೆ ನೀಲಿ, ನಾಳವೂ ನೀಲಿ.

ಎರಡನೆಯ ಅನುಮಾನ ಕುದಿಸುವ ಹಂತದ ಮೇಲೆ. ಪಿಎಚ್ 9ರ ಬಫರಿನಲ್ಲಿ ಮಾಮೂಲಿಗಿಂತ ಹೆಚ್ಚು ಹೊತ್ತು ಇಟ್ಟು ನೋಡಿದೆವು. ಆಗ ಒಂದು ವಿಚಿತ್ರ ಕಂಡಿತು. ಅಂಗಾಂಶದ ಒಂದು ಅಂಚಿನುದ್ದಕ್ಕೂ, ಬಟ್ಟೆಯ ಕರೆಯಂತೆ, ಒಂದು ಕಿರಿದಾದ ಪಟ್ಟಿಯಲ್ಲಿ ಕೋಶಕೇಂದ್ರಗಳು ತಿಳಿಗಂದು. ಒಳಗೆ ಹೋದಂತೆ ಬಣ್ಣ ಮಸುಕಾಗಿ, ಆಮೇಲೆ ಏನೂ ಇಲ್ಲ. ಗಡ್ಡೆಯ ಕೋಶಗಳು ಅಂಚಿನಲ್ಲಿ ಒಂದು ಜಾತಿ, ನಡುವಿನಲ್ಲಿ ಇನ್ನೊಂದು ಜಾತಿ ಇರುವುದಿಲ್ಲ. ಇರುವೆ ಸಾಲು ಅಂಚಿನಿಂದ ನಡುವಿಗೆ ಎಲ್ಲೂ ಕಡಿಯದೆ ಒಂದೇ ಸಮನೆ ಸಾಗಿತ್ತು. ಬದಲಾಗಿದ್ದು ಬಣ್ಣ ಮಾತ್ರ.

ಇಂಥ ಅಂಚಿನ ಬಣ್ಣ ಕಂಡರೆ ಹಳೆಯ ಟೆಕ್ನಿಷಿಯನ್ನರು ಎರಡನೆಯ ಮಾತಾಡುವುದಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಲೆನ್ಸಿನಿಂದ ತಲೆ ಎತ್ತದೆಯೇ ಅಂದರು: “ಫಾರ್ಮಲಿನ್ ಒಳಗೆ ಹೋಗಿಲ್ಲ ಮೇಡಂ. ಯಾವತ್ತಿನ ಕೇಸು ಇದು?”

ಅರ್ಜಿ ತೆಗೆದು ನೋಡಿದೆವು. ಸ್ತನ ತೆಗೆದದ್ದು ಶನಿವಾರ ಮಧ್ಯಾಹ್ನ 2 ಗಂಟೆಗೆ. ಅಂಗಾಂಶವನ್ನು ಮೇಣಕ್ಕೆ ಅಣಿಮಾಡುವ ನಮ್ಮ ಪ್ರೊಸೆಸರ್ ಯಂತ್ರಕ್ಕೆ ಹೋದದ್ದು ಸೋಮವಾರ ಸಂಜೆ 4ಕ್ಕೆ. ಫಾರ್ಮಲಿನ್‌ನಲ್ಲಿದ್ದ ಅವಧಿ ಎಂಬ ಕಾಲಮ್ಮಿನಲ್ಲಿ 50 ಗಂಟೆ ಎಂದು ಬರೆದಿತ್ತು. ರಿಸೆಪ್ಟರ್ ಪರೀಕ್ಷೆಗೆ ಅಂಗಾಂಶ ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕು ಎಂಬುದು ಎಲ್ಲೆಡೆ ಪಾಲಿಸುವ ಅಮೆರಿಕದ ಮಾರ್ಗಸೂಚಿ. 50 ಅದರೊಳಗೆ ಆರಾಮವಾಗಿ ಕೂರುತ್ತದೆ. ಹಾಗಾಗಿ ಯಾರೂ ಎರಡನೆಯ ಸಲ ನೋಡಿರಲಿಲ್ಲ.

ಆದರೆ ಗ್ರಾಸಿಂಗ್ ರಿಜಿಸ್ಟರಿನಲ್ಲಿ, ಅಂದರೆ ಅಂಗಾಂಶವನ್ನು ಬರಿಗಣ್ಣಿನಿಂದ ನೋಡಿ ಕೊಯ್ಯುವಾಗ ಬರೆದಿಡುವ ಪುಸ್ತಕದಲ್ಲಿ, ಇದೇ ವಿದ್ಯಾರ್ಥಿನಿಯ ಕೈಬರಹದಲ್ಲಿ ಒಂದು ಸಾಲಿತ್ತು: ‘ಸ್ತನ ಇಡಿಯಾಗಿ ಬಂದಿದೆ, ಮೊದಲೇ ಕೊಯ್ದಿಲ್ಲ. ಮೇಲ್ಮೈ ಬೂದು, ಗಟ್ಟಿ. ಒಳಗೆ ಕೆಂಪಗೆ, ಮೆತ್ತಗೆ.’

ಆ ಸಾಲು ಬರೆದವಳೂ ಅದನ್ನು ಇಆರ್ ಜೊತೆ ಕೂಡಿಸಿ ನೋಡಿರಲಿಲ್ಲ, ಪರಿಶೀಲಿಸಿ ಸಹಿ ಮಾಡಿದ ನಾನೂ ನೋಡಿರಲಿಲ್ಲ. ಫಾರ್ಮಲಿನ್ ತಾಗಿದ ಮಾಂಸ ಬೂದಾಗಿ ಗಟ್ಟಿಯಾಗುತ್ತದೆ. ತಾಗದ್ದು ಕೆಂಪಗೆ ಮೆತ್ತಗೆ ಉಳಿಯುತ್ತದೆ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು.

ನಡೆದದ್ದು ಇಷ್ಟು. ಸ್ತನವನ್ನು ಅದಕ್ಕೆ ಸಾಲದ ಡಬ್ಬದಲ್ಲಿ ತುರುಕಿ, ಮೇಲಷ್ಟು ಫಾರ್ಮಲಿನ್ ಸುರಿದಿದ್ದರು. ಅಂಗಾಂಶದ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು, ಇಲ್ಲಿ ಸಮಸಮವೂ ಇರಲಿಲ್ಲ. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿಲಿಮೀಟರ್ ಒಳಗೆ ಹೋಗುತ್ತದೆ ಎಂಬುದು ಲ್ಯಾಬಿನ ಬಾಯಿಲೆಕ್ಕ. ಆಳಕ್ಕೆ ಹೋದಂತೆ ಆ ವೇಗವೂ ಕುಗ್ಗುತ್ತದೆ. ಸ್ತನವೆಂದರೆ ಬಹುಪಾಲು ಕೊಬ್ಬು, ನೀರಿನಂಥ ದ್ರವವನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಲುಪಿದರೂ ಸಾಲದು, ತಲುಪಿದ ಮೇಲೆ ಸೇತುವೆ ಕಟ್ಟುವ ರಾಸಾಯನಿಕ ಕ್ರಿಯೆಗೆ ಮತ್ತೆ ಗಂಟೆಗಟ್ಟಲೆ ಬೇಕು. ಗಡ್ಡೆ ಇದ್ದದ್ದು ನಡುಮಧ್ಯದಲ್ಲಿ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಅದು ಕೋಣೆಯ ಬಿಸಿಯಲ್ಲಿ, ತನ್ನದೇ ಕಿಣ್ವಗಳಿಗೆ ತಾನೇ ಆಹಾರವಾಗುತ್ತ ಕೂತಿತ್ತು. ಸೋಮವಾರ 11.30ಕ್ಕೆ ನಾವು ಕೊಯ್ದು ಕ್ಯಾಸೆಟ್ಟಿಗೆ ಹಾಕಿದ ಮೇಲೆ ಅದಕ್ಕೆ ನಿಜವಾಗಿ ಫಾರ್ಮಲಿನ್ ಸಿಕ್ಕಿದ್ದು. ಸಂಜೆ 4ಕ್ಕೆ ಯಂತ್ರಕ್ಕೆ. ನಾಲ್ಕೂವರೆ ಗಂಟೆ. ಕಾಗದದ ಮೇಲೆ 50.

ಯಂತ್ರದಲ್ಲಿ ಫಾರ್ಮಲಿನ್ ಆದ ಮೇಲೆ ಬರುವುದು ಆಲ್ಕೋಹಾಲ್. ಸರಿಯಾಗಿ ಸೇತುವೆ ಕಟ್ಟಿಕೊಳ್ಳದ ಪ್ರೋಟೀನುಗಳನ್ನು ಆಲ್ಕೋಹಾಲ್ ತನ್ನ ಪಾಡಿಗೆ ಹೆಪ್ಪುಗಟ್ಟಿಸುತ್ತದೆ. ಅಂಚು ಫಾರ್ಮಲಿನ್‌ನಿಂದ, ನಡು ಆಲ್ಕೋಹಾಲಿನಿಂದ ಗಟ್ಟಿಯಾದ ಒಂದೇ ತುಣುಕು. ಎರಡಕ್ಕೂ ಒಂದೇ ಕುದಿತ. ಫಾರ್ಮಲಿನ್‌ಗೆಂದು ಹೊಂದಿಸಿದ ಪರೀಕ್ಷೆ ಅಂಚಿನಲ್ಲಿ ಮಾತ್ರ ಫಲ ಕೊಟ್ಟಿತು. ಇಆರ್‌ನಂಥ ನಾಜೂಕಿನ ಪ್ರತಿಜನಕಕ್ಕೆ ಇಷ್ಟು ಹೊಡೆತ ಸಾಕು.

ಕೋಶಗಳ ರೂಪ ನೋಡಲು ಮಾಡುವ ಮಾಮೂಲಿ ಎಚ್ ಆಂಡ್ ಇ ಸ್ಲೈಡನ್ನು ಮತ್ತೆ ತೆಗೆದು ನೋಡಿದಾಗ ಕೋಶಕೇಂದ್ರಗಳು ಕಲಸಿದಂತೆ, ಒಳಗಿನ ವಿವರ ಅಳಿಸಿದಂತೆ ಇದ್ದವು. ಮೊದಲ ದಿನವೇ ನನಗೆ ಹಾಗೆ ಕಂಡಿತ್ತು, ನಿಜ ಹೇಳಬೇಕೆಂದರೆ. ‘ಕೊಯ್ತ ಚೆನ್ನಾಗಿಲ್ಲ’ ಎಂದು ಗೊಣಗಿ ಮುಂದೆ ಹೋಗಿದ್ದೆ.

ಕಂಟ್ರೋಲ್ ಸುಳ್ಳು ಹೇಳಿತೆ?

ಇಲ್ಲ, ನಾವು ಕೇಳಿದ್ದೇ ಬೇರೆ. ಗರ್ಭಕಂಠದ ಆ ತುಣುಕು ನಮ್ಮದೇ ಲ್ಯಾಬಿನಲ್ಲಿ ಅಚ್ಚುಕಟ್ಟಾಗಿ ಫಾರ್ಮಲಿನ್ ಕುಡಿದದ್ದು. ಅದು ಕಂದಾದರೆ ಪ್ರತಿಕಾಯ ಸರಿಯಿದೆ, ಕಿಣ್ವ ಸರಿಯಿದೆ, ಡಿಎಬಿ ಸರಿಯಿದೆ, ಯಂತ್ರ ನಡೆದಿದೆ ಎಂದರ್ಥ. ರೋಗಿಯ ಅಂಗಾಂಶಕ್ಕೆ ನಮ್ಮ ಬಾಗಿಲಿಗೆ ಬರುವ ಮುಂಚೆ ಏನಾಯಿತು ಎಂಬುದು ಅದಕ್ಕೆ ಗೊತ್ತಿರಲು ಹೇಗೆ ಸಾಧ್ಯ? ಆ ಪ್ರಶ್ನೆಗೆ ಉತ್ತರಿಸಬಲ್ಲದ್ದು ರೋಗಿಯದೇ ಆದ, ಅದೇ ಡಬ್ಬದಲ್ಲಿ ಅದೇ ಎರಡು ದಿನ ಕಳೆದ ಸಾಮಾನ್ಯ ನಾಳ. ಅದನ್ನು ಇಂಟರ್ನಲ್ ಕಂಟ್ರೋಲ್ ಎನ್ನುತ್ತಾರೆ. ಅದಕ್ಕೆ ಬಣ್ಣವಿಲ್ಲದಿದ್ದರೆ ಗಡ್ಡೆಯ ನೀಲಿಗೆ ಯಾವ ಅರ್ಥವೂ ಇಲ್ಲ. ಗಡ್ಡೆಯಲ್ಲಿ ಇಆರ್ ಇಲ್ಲ ಎಂದೂ ಹೇಳಲಾಗದು, ಇದೆ ಎಂದೂ ಹೇಳಲಾಗದು.

ಇನ್ನೊಂದು ಸಂಗತಿ. ಗರ್ಭಕಂಠದಲ್ಲಿ ಇಆರ್ ಧಾರಾಳ. ಪರೀಕ್ಷೆಯ ಶಕ್ತಿ ಅರ್ಧಕ್ಕೆ ಇಳಿದರೂ ಅದು ಕಂದಾಗಿಯೇ ಕಾಣುತ್ತದೆ. ಶಕ್ತಿ ಕುಗ್ಗಿದ್ದು ಗೊತ್ತಾಗಬೇಕಾದರೆ ಇಆರ್ ಕಡಿಮೆ ಇರುವ ಅಂಗಾಂಶವೂ ಜೊತೆಗಿರಬೇಕು. ಟಾನ್ಸಿಲ್ ಅದಕ್ಕೆ ಒಳ್ಳೆಯದು: ಅಲ್ಲಿ ಕೆಲವೇ ಕೋಶಗಳು, ಅದೂ ಮಂದವಾಗಿ ಬಣ್ಣ ಹಿಡಿಯುತ್ತವೆ. ಈಗ ನಮ್ಮ ಸ್ಲೈಡುಗಳಲ್ಲಿ ಎರಡೂ ಇರುತ್ತವೆ. ಈ ಪ್ರಕರಣದಲ್ಲಿ ಟಾನ್ಸಿಲ್ ಇದ್ದಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ, ಅದೂ ನಮ್ಮದೇ ಲ್ಯಾಬಿನ ಅಂಗಾಂಶವಲ್ಲವೇ. ಆದರೂ ಒಂದು ತೂತು ಹುಡುಕುವಾಗ ಪಕ್ಕದ ತೂತೂ ಕಂಡಿತೆಂದು ಮುಚ್ಚಿದೆವು.

ಸಣ್ಣ ಡಬ್ಬ

ಬೇರೆ ಕಡೆಯ ಸೂಜಿ ಬಯಾಪ್ಸಿಯ ಬ್ಲಾಕ್ ತರಿಸಲು ಬರೆದೆವು. ಅದು ಬರಲು ದಿನಗಳು ಬೇಕು. ಕಾಯುತ್ತ ಕೂತಾಗ ವಿದ್ಯಾರ್ಥಿನಿಗೇ ಮತ್ತೆ ಹೊಳೆಯಿತು: ದುಗ್ಧಗ್ರಂಥಿಗಳು ಬೇರೆ ಡಬ್ಬದಲ್ಲಿ ಬಂದಿದ್ದವಲ್ಲ!

ಒಂದೊಂದು ಗ್ರಂಥಿಯೂ ಹುರುಳಿಕಾಳಿಗಿಂತ ತುಸು ದೊಡ್ಡದು. ಸಣ್ಣ ಡಬ್ಬ, ತುಂಬ ಫಾರ್ಮಲಿನ್. ಶನಿವಾರ ಸಂಜೆಯ ಹೊತ್ತಿಗೇ ಅವುಗಳ ನಡುವಿನವರೆಗೂ ಫಾರ್ಮಲಿನ್ ಇಳಿದಿರಬೇಕು. ಒಂದೇ ಮೈಯ, ಒಂದೇ ಕ್ಯಾನ್ಸರಿನ ಕೋಶಗಳು, ಕಾಪಾಡಿದ ರೀತಿ ಮಾತ್ರ ಬೇರೆ. ಪ್ರಯೋಗ ಮಾಡಬೇಕೆಂದು ಕೂತು ಯೋಜಿಸಿದರೂ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. ಗ್ರಂಥಿಯಲ್ಲಿ ಹಾಲಿನ ನಾಳ ಇರುವುದಿಲ್ಲ, ಹಾಗಾಗಿ ಇಲ್ಲಿ ನೆಗೆಟಿವ್ ಬಂದರೆ ಮತ್ತೆ ಕತ್ತಲೆಯೇ. ಪಾಸಿಟಿವ್ ಬಂದರೆ ಮಾತ್ರ ಉತ್ತರ.

ಮರುದಿನ ಮಧ್ಯಾಹ್ನ ಸ್ಲೈಡ್ ಬಂತು. ಲೆನ್ಸ್ ಕೆಳಗಿಡುವ ಅಗತ್ಯವೇ ಬೀಳಲಿಲ್ಲ. ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಗ್ರಂಥಿಯ ಅಂಚಿನಲ್ಲಿ ಕಂದು ಮಚ್ಚೆ ಕಾಣುತ್ತಿತ್ತು. ಒಳಗೆ ನೋಡಿದರೆ ನೂರಕ್ಕೆ 90ಕ್ಕಿಂತ ಹೆಚ್ಚು ಕೋಶಕೇಂದ್ರಗಳು ಕಡುಕಂದು, ಸುತ್ತ ನೀಲಿ ಲಿಂಫೋಸೈಟುಗಳ ಹಿನ್ನೆಲೆ. ನೂರಕ್ಕೆ 1 ಕೋಶ ಬಣ್ಣ ಹಿಡಿದರೂ ಇಆರ್ ಪಾಸಿಟಿವ್ ಎನ್ನಬೇಕು ಎಂಬುದು 2010ರಿಂದ ನಡೆದುಬಂದ ನಿಯಮ. 1ರಿಂದ 10ರವರೆಗಿನದನ್ನು ‘ಲೋ ಪಾಸಿಟಿವ್’ ಎಂದು ಬೇರೆಯಾಗಿ ಬರೆಯಬೇಕೆಂದು 2020ರಲ್ಲಿ ಸೇರಿಸಿದರು. ಇಲ್ಲಿ ಆ ಗಡಿರೇಖೆಯ ತಕರಾರೇ ಇರಲಿಲ್ಲ. ಪ್ರೊಜೆಸ್ಟರಾನ್ ರಿಸೆಪ್ಟರ್ ಕೂಡ ಪಾಸಿಟಿವ್. ಹರ್2 ಬಣ್ಣಕ್ಕೆ ಕೊಡುವ ಅಂಕಿ ಸೊನ್ನೆಯಿಂದ 1+ಗೆ ಏರಿತು. ಹರ್2 ವಿಷಯದಲ್ಲಿ ಅದಿನ್ನೂ ನೆಗೆಟಿವ್ ಗುಂಪೇ. ಆದರೆ ಸೊನ್ನೆಗೂ 1+ಗೂ ಹಿಂದೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2022ರಿಂದೀಚೆಗೆ, ಹರಡಿದ ಕ್ಯಾನ್ಸರಿನಲ್ಲಿ ಹರ್2 ಅಲ್ಪಸ್ವಲ್ಪ ಇದ್ದರೂ ಕೆಲಸ ಮಾಡುವ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧ ಬಂದ ಮೇಲೆ, ಆ ಒಂದು ಅಂಕಿಗೂ ಬೆಲೆ ಬಂದಿದೆ.

ನಾಲ್ಕು ದಿನ ಬಿಟ್ಟು ಸೂಜಿ ಬಯಾಪ್ಸಿಯ ಬ್ಲಾಕ್ ಬಂತು. ಸೂಜಿ ಎಳೆಯುವ ದಾರದಂಥ ತುಣುಕಿಗೆ ಫಾರ್ಮಲಿನ್ ಇಳಿಯಲು ಹೊತ್ತೇ ಬೇಡ. ಅದರಲ್ಲಿ ಗಡ್ಡೆಯೂ ಕಂದು, ಪಕ್ಕದ ನಾಳದಲ್ಲಿ ಅಲ್ಲೊಂದು ಇಲ್ಲೊಂದು ಕೋಶವೂ ಕಂದು.

ಇದರಿಂದ ರೋಗಿಗೆ ಆದ ವ್ಯತ್ಯಾಸವೇನು ಎಂದರೆ, ಇಆರ್ ಪಾಸಿಟಿವ್ ಕ್ಯಾನ್ಸರಿನಲ್ಲಿ 5 ವರ್ಷ ಟಮಾಕ್ಸಿಫೆನ್ ಎಂಬ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡವರಲ್ಲಿ ಮುಂದಿನ 15 ವರ್ಷಗಳ ಸ್ತನ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಮುಟ್ಟು ನಿಂತವರಿಗೆ ಅರೊಮಟೇಸ್ ತಡೆಯುವ ಮಾತ್ರೆಗಳು ಅದಕ್ಕಿಂತಲೂ ತುಸು ಮೇಲು. ದಿನಕ್ಕೊಂದು ಮಾತ್ರೆ. ನೀಲಿ ಸ್ಲೈಡಿಗೆ ನಾನು ಸಹಿ ಹಾಕಿದ್ದರೆ ಅದು ಅವರಿಗೆ ಸಿಗುತ್ತಿರಲಿಲ್ಲ, ಯಾಕೆ ಸಿಗಲಿಲ್ಲ ಎಂದು ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆ

ಇದೇನು ಎಲ್ಲೋ ಒಂದು ಡಬ್ಬದ ಎಡವಟ್ಟು ಎಂದುಕೊಳ್ಳುವವರಿಗೆ ಕೆನಡಾದ ನ್ಯೂಫೌಂಡ್‌ಲೆಂಡ್ ನೆನಪಿಸಬೇಕು. ಅಲ್ಲಿ 1997ರಿಂದ 2005ರವರೆಗೆ ಮಾಡಿದ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗಳಲ್ಲಿ ತಪ್ಪಿದೆ ಎಂಬ ಅನುಮಾನ ಹುಟ್ಟಿದ್ದೂ ಒಬ್ಬ ಲೋಬ್ಯುಲರ್ ಕ್ಯಾನ್ಸರ್ ರೋಗಿಯ ನೆಗೆಟಿವ್ ವರದಿಯಿಂದಲೇ. ಮರುಪರೀಕ್ಷೆಯಲ್ಲಿ ಅದು ಪಾಸಿಟಿವ್ ಆಯಿತು. ಆಮೇಲೆ ನೂರಾರು ಹಳೆಯ ನೆಗೆಟಿವ್ ಬ್ಲಾಕುಗಳನ್ನು ಟೊರಾಂಟೊಗೆ ಕಳಿಸಿ ಮತ್ತೆ ಪರೀಕ್ಷಿಸಿದರು; 300ಕ್ಕೂ ಹೆಚ್ಚು ಜನರ ಫಲಿತಾಂಶ ಬದಲಾಯಿತು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ನೇತೃತ್ವದ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಅಲ್ಲಿನ ಸಮಸ್ಯೆ ಒಂದು ಡಬ್ಬಕ್ಕೆ ಸೀಮಿತವಾಗಿರಲಿಲ್ಲ, ಗುಣಮಟ್ಟ ಕಾಯುವ ವ್ಯವಸ್ಥೆಯೇ ಸಡಿಲವಾಗಿತ್ತು. ನಮ್ಮ ವಿಭಾಗದ ಸಭೆಯಲ್ಲಿ ಈ ಪ್ರಕರಣ ಮಂಡಿಸುವಾಗ ನಾನು ಮೊದಲು ಹೇಳಿದ್ದು ಇದನ್ನೇ, ಸ್ವಲ್ಪ ನಮ್ಮ ಮಾನ ಉಳಿಸಿಕೊಳ್ಳಲು ಕೂಡ.

ಸಂಶೋಧನೆ ಮಾಡುವವರ ಕಾಟ ಇದರ ತದ್ವಿರುದ್ಧ. ಅವರನ್ನು ಕಾಡುವುದು ಬಾರದ ಬಣ್ಣಕ್ಕಿಂತ ಬರಬಾರದ ಬಣ್ಣ. ಈಸ್ಟ್ರೋಜನ್ ರಿಸೆಪ್ಟರಿನಲ್ಲೇ ಬೀಟಾ ಎಂಬ ಎರಡನೆಯ ಬಗೆ ಇದೆ, 1996ರಲ್ಲಿ ಕಂಡದ್ದು. ಅದು ಯಾವ ಯಾವ ಅಂಗಾಂಶದಲ್ಲಿದೆ ಎಂದು ಇಪ್ಪತ್ತು ವರ್ಷ ಪ್ರತಿಕಾಯಗಳನ್ನು ಹಾಕಿ ಹಾಕಿ ನೋಡಿ ಲೇಖನಗಳನ್ನು ಬರೆದರು, ಒಬ್ಬರದು ಒಬ್ಬರಿಗೆ ಹೊಂದಲಿಲ್ಲ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಬಳಕೆಯಲ್ಲಿದ್ದ 13 ಪ್ರತಿಕಾಯಗಳನ್ನು ಸಾಲಾಗಿ ಪರೀಕ್ಷೆಗೆ ಒಡ್ಡಿದರು. ಎಲ್ಲ ಪರೀಕ್ಷೆಯಲ್ಲೂ ಬೀಟಾವನ್ನೇ ಹಿಡಿದದ್ದು ಒಂದೇ ಒಂದು. ಅದನ್ನು ಬಳಸಿ ನೋಡಿದರೆ ಸಾಮಾನ್ಯ ಸ್ತನದಲ್ಲಿ ಬೀಟಾ ಕಾಣಲೇ ಇಲ್ಲ. ಅಷ್ಟು ವರ್ಷ ಕಂದು ಬಣ್ಣ ಕಂಡವರು ಬೇರೆ ಯಾವುದನ್ನೋ ನೋಡುತ್ತಿದ್ದರು. ಬಾಟಲಿಯ ಮೇಲಿನ ಹೆಸರು ಕಂಪನಿ ಬರೆದದ್ದು. ಪ್ರತಿಕಾಯ ಅದನ್ನು ಓದಿಕೊಂಡು ಕೆಲಸ ಮಾಡುವುದಿಲ್ಲ.

ವರದಿಯಲ್ಲಿ ಬರೆದದ್ದು

ಕೊನೆಗೆ ನಾನು ಸಹಿ ಹಾಕಿದ ವರದಿಯಲ್ಲಿ ಸ್ತನದ ಬ್ಲಾಕಿನ ಇಆರ್‌ಗೆ ‘ನೆಗೆಟಿವ್’ ಎಂದು ಬರೆಯಲಿಲ್ಲ. ‘ಇಂಟರ್ನಲ್ ಕಂಟ್ರೋಲ್ ಬಣ್ಣ ಹಿಡಿದಿಲ್ಲ, ಅಂಗಾಂಶಕ್ಕೆ ಫಾರ್ಮಲಿನ್ ಸಾಲದು, ಈ ಬ್ಲಾಕಿನ ಫಲಿತಾಂಶವನ್ನು ಅರ್ಥೈಸಲಾಗದು’ ಎಂದು ಬರೆದು, ಕೆಳಗೆ ಗ್ರಂಥಿಯ ಮತ್ತು ಸೂಜಿ ಬಯಾಪ್ಸಿಯ ಫಲಿತಾಂಶಗಳನ್ನು ಬೇರೆಬೇರೆಯಾಗಿ ಕೊಟ್ಟೆ. ಫೋನಿನಲ್ಲಿ ಮೊದಲು ಹೇಳಿದ್ದು ತಪ್ಪು ಎಂಬುದನ್ನೂ ದಿನಾಂಕ ಹಾಕಿ ಸೇರಿಸಿದೆ. ಆ ಸಾಲು ಬೇಡ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ನನಗೆ ಬೇಕೆನಿಸಿತು.

ಶಸ್ತ್ರಚಿಕಿತ್ಸೆಯವರ ಜೊತೆ ಮಾತು ಸ್ವಲ್ಪ ಬಿಸಿಯೇ ಆಯಿತು. ವಾರಾಂತ್ಯದಲ್ಲಿ ಸ್ತನ ಕೊಯ್ದಿಡಲು ಅಲ್ಲಿ ಯಾರೂ ಇರುವುದಿಲ್ಲ, ಕೊಯ್ದರೆ ಅಂಚಿನ ಗುರುತು ತಪ್ಪುತ್ತದೆ ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಕೊನೆಗೆ ಒಪ್ಪಿದ್ದು ಇಷ್ಟು: ಸ್ತನ ಹೊರಬಂದ ಒಂದು ಗಂಟೆಯೊಳಗೆ ಲ್ಯಾಬಿಗೆ ಫೋನ್, ಸರದಿಯಲ್ಲಿರುವ ವಿದ್ಯಾರ್ಥಿ ಹೋಗಿ, ಅಂಚುಗಳಿಗೆ ಶಾಯಿ ಬಳಿದು, ಹಿಂಬದಿಯಿಂದ 1 ಸೆಂಟಿಮೀಟರ್ ಅಂತರದಲ್ಲಿ ಕೊಯ್ದು, ಹಾಳೆಗಳ ನಡುವೆ ಗಾಜ್ ಬಟ್ಟೆ ಇಟ್ಟು, ದೊಡ್ಡ ಡಬ್ಬಕ್ಕೆ ಹಾಕಬೇಕು. ಅರ್ಜಿಯಲ್ಲಿ ಫಾರ್ಮಲಿನ್‌ನಲ್ಲಿದ್ದ ಅವಧಿಯ ಪಕ್ಕ ಹೊಸ ಕಾಲಮ್: ‘ಕೊಯ್ದ ಸಮಯ’.

ಆಂಕಾಲಜಿಯ ಡಾಕ್ಟರು ಕೇಳಿದ ಒಂದು ಪ್ರಶ್ನೆ ಉಳಿದಿತ್ತು. “ಇದು ಸಿಕ್ತು ಮೇಡಂ. ಸಿಗದೆ ಹೋಗಿರೋದು?” ಹಳೆಯ ಇಆರ್ ನೆಗೆಟಿವ್ ಸ್ಲೈಡುಗಳನ್ನು ಕಪಾಟಿನಿಂದ ಇಳಿಸಿ, ಗಡ್ಡೆ ಬಿಟ್ಟು ನಾಳವನ್ನಷ್ಟೇ ನೋಡುತ್ತ ಹೋದೆವು. ನಾಳವೇ ಇಲ್ಲದ ಸ್ಲೈಡುಗಳು ಸಿಕ್ಕವು. ಅವಕ್ಕೆಲ್ಲ ನಾಳ ಇರುವ ಬೇರೆ ಬ್ಲಾಕ್ ಹುಡುಕಿ ಮತ್ತೆ ಇಆರ್ ಹಾಕಿದೆವು. ಅವುಗಳಲ್ಲಿ ಮೊದಲನೆಯದನ್ನು ವಿದ್ಯಾರ್ಥಿನಿ ನನ್ನೆದುರು ಇಟ್ಟಾಗ ಇಬ್ಬರೂ ಒಂದು ಹೊತ್ತು ಮಾತಾಡಲಿಲ್ಲ. ಹಾಳೆ ತುಂಬ ನೀಲಿ ಗಡ್ಡೆ, ಅದರ ನಡುವೆ ಒಂದು ಪುಟ್ಟ ನಾಳ, ಅದರ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಕಡುಕಂದು.

“ಇದು ನೆಗೆಟಿವ್ ಮೇಡಂ,” ಅಂದಳು.